ಹಿಂದಕ್ಕೆ ಎಣಿಸುವ ಗಡಿಯಾರ

ಬೆಂಗಳೂರಿನಲ್ಲಿ ಮೆಟ್ರೊ ಕಾಮಗಾರಿ ತಡವಾದಾಗಲೆಲ್ಲ ಯಾರಾದರೊಬ್ಬರು ಹೇಳ್ತಾರೆ: "ನಮಗೂ ಒಬ್ಬ ಶ್ರೀಧರನ್ ಇರಬೇಕಿತ್ತು." ನಾನೂ ಹೇಳಿದ್ದೇನೆ. ಅವರ ವೃತ್ತಿಜೀವನ ಓದ್ತಾ ಹೋದ ಹಾಗೆ, ಅದು ಅರ್ಧ ಮಾತು ಅನ್ನಿಸಿತು.

1964ರ ಡಿಸೆಂಬರ್ ಚಂಡಮಾರುತದಲ್ಲಿ ರಾಮೇಶ್ವರದ ಪಾಂಬನ್ ಸೇತುವೆ ಕೊಚ್ಚಿಹೋಯಿತು. ದುರಸ್ತಿಗೆ ರೈಲ್ವೆ ಕೊಟ್ಟ ಗಡುವು ಆರು ತಿಂಗಳು. ಮೂವತ್ತೆರಡರ ಎಂಜಿನಿಯರ್ ಇ. ಶ್ರೀಧರನ್ 46 ದಿನಕ್ಕೇ ಮುಗಿಸಿದರು. ಸಮುದ್ರದ ತಳಕ್ಕೆ ಬಿದ್ದಿದ್ದ ಗರ್ಡರುಗಳನ್ನೇ ಎತ್ತಿಸಿ ಕೂರಿಸಿದರು.

1990ರಲ್ಲಿ ಕೊಂಕಣ ರೈಲ್ವೆ ಅವರ ಕೈಗೆ ಬಂತು. ಸುಮಾರು 760 ಕಿ.ಮೀ. ಹಳಿ, ದಾರಿಯುದ್ದಕ್ಕೂ ಘಟ್ಟ, ಹೊಳೆ, ಕುಸಿಯುವ ಮಣ್ಣು. ಬಜೆಟ್ ಹಣವನ್ನಷ್ಟೇ ನಂಬಿ ಕೂರದೆ, ಬಾಂಡ್ ಮಾರಿ ಸಾಲ ಎತ್ತಿದರು. 1998ರ ಜನವರಿಯಲ್ಲಿ ಪೂರ್ತಿ ಮಾರ್ಗ ತೆರೆಯಿತು. ನಮ್ಮ ಕಾರವಾರ, ಹೊನ್ನಾವರಕ್ಕೆ ರೈಲು ಬಂದದ್ದು ಹೀಗೆ.

ಅಷ್ಟರಲ್ಲಿ, 1997ರಲ್ಲೇ, ದೆಹಲಿ ಮೆಟ್ರೊ ಅವರನ್ನು ಕರೆದಿತ್ತು. ವಯಸ್ಸು 65. ಸೈಟಿನಲ್ಲಿ ಹಿಂದಕ್ಕೆ ಎಣಿಸುವ ಗಡಿಯಾರ ತೂಗುಹಾಕಿಸಿದರು: ಇನ್ನು ಇಷ್ಟೇ ದಿನ. ಆದರೆ ಗಡಿಯಾರ ತೂಗುಹಾಕಿದ ಮಾತ್ರಕ್ಕೆ ಕೆಲಸ ಆಗತ್ತಾ? ಕೇಂದ್ರ ಮತ್ತು ದೆಹಲಿ ಸರ್ಕಾರ ಸಮಪಾಲು ಹಾಕಿದ್ದ ಆ ನಿಗಮದಲ್ಲಿ ಟೆಂಡರು, ನೇಮಕಾತಿ ಇತ್ಯರ್ಥ ಮಾಡುವ ಅಧಿಕಾರ ಅವರ ಬಳಿಯೇ ಇತ್ತು. ಕಡತ ಮಂತ್ರಾಲಯಗಳ ಮೇಜು ಸುತ್ತಬೇಕಿರಲಿಲ್ಲ. ಹತ್ತು ವರ್ಷ ಹಿಡಿಯಬೇಕಿದ್ದ 65 ಕಿ.ಮೀ.ನ ಮೊದಲ ಹಂತ ಸುಮಾರು ಏಳು ವರ್ಷಕ್ಕೇ ಮುಗಿಯಿತು. ಎಲ್ಲವನ್ನೂ ಗೆಲ್ಲಲಿಲ್ಲ ಅನ್ನೋದೂ ನಿಜ. ಸ್ಟ್ಯಾಂಡರ್ಡ್ ಗೇಜ್ ಬೇಕೆಂದು ವಾದಿಸಿದರು. ರೈಲ್ವೆ ಪಟ್ಟು ಬಿಡದೆ ಮೊದಲ ಹಂತ ಬ್ರಾಡ್ ಗೇಜಿಗೇ ಹೋಯಿತು.

2009ರ ಜುಲೈ 12ರಂದು ಜಮ್ರೂದ್‌ಪುರದಲ್ಲಿ ಕಟ್ಟುತ್ತಿದ್ದ ಮೇಲ್ಸೇತುವೆ ಕುಸಿದು ಕಾರ್ಮಿಕರು ಸತ್ತರು. ಶ್ರೀಧರನ್ ಗುತ್ತಿಗೆದಾರರ ಕಡೆ ಬೆರಳು ತೋರಿಸಿ ಕೂರಲಿಲ್ಲ. ಅಂದೇ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಮುಖ್ಯಮಂತ್ರಿ ಶೀಲಾ ದೀಕ್ಷಿತ್ ಒಪ್ಪಲಿಲ್ಲ. ಹಿಂದೆಗೆದುಕೊಂಡು, 2011ರ ಕೊನೆಯವರೆಗೂ ದುಡಿದರು.

ಕೊಂಕಣ ರೈಲ್ವೆ ಕಟ್ಟುವಾಗ ಸತ್ತ ಕಾರ್ಮಿಕರಿಗೆ ರತ್ನಾಗಿರಿಯಲ್ಲೊಂದು ಸ್ಮಾರಕವಿದೆ. ಬೇಗ ಮುಗಿಸಿದ ಕೆಲಸಗಳ ಲೆಕ್ಕ ಹಾಕುವಾಗ ಅದನ್ನೂ ಸೇರಿಸಬೇಕು. 46 ದಿನದ ಕತೆ ಹೇಳೋದು ಸುಲಭ, ನಮಗೆ ಇಷ್ಟವೂ ಹೌದು. ನಮಗೂ ಒಬ್ಬ ಶ್ರೀಧರನ್ ಬೇಕು ಅನ್ನುವವರು ಇನ್ನೆರಡನ್ನು ಜೊತೆಗೇ ಕೇಳಬೇಕು: ತೀರ್ಮಾನಿಸುವ ಅಧಿಕಾರವನ್ನು ಸರ್ಕಾರ ಅವರಿಗೆ ಕೊಡುತ್ತದೆಯೇ? ಕಂಬ ಕುಸಿದ ದಿನ "ಹೊಣೆ ನನ್ನದು" ಅಂತ ಅವರು ಹೇಳ್ತಾರೆಯೇ?