ಹೊಸವರುಷದ ಸಂಕಲ್ಪವೂ ಮಂಗಳೂರಿನ ಅಂಗಸಾಧನೆಯೂ

ವರುಷದ ಮೊದಲನೆಯ ದಿನ ಯಾವುದೆಂದು ಮಂಗಳೂರಿನಲ್ಲಿ ನಾಲ್ವರನ್ನು ಕೇಳಿದರೆ ನಾಲ್ಕು ಉತ್ತರಗಳು ದೊರೆತರೂ ಆಶ್ಚರ್ಯವಿಲ್ಲ. ಚಾಂದ್ರಮಾನವನ್ನು ಅನುಸರಿಸುವ ಗೌಡ ಸಾರಸ್ವತರಿಗೆ ಯುಗಾದಿಯೇ ವರ್ಷಾರಂಭ. ಸೌರಮಾನದ ತುಳುವರ ಲೆಕ್ಕದಲ್ಲಿ ಪಗ್ಗು ತಿಂಗಳ ಬಿಸುವಿನಿಂದ ವರುಷ ತೊಡಗುತ್ತದೆ. ಕೆಲವು ವರ್ತಕರು ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆಮಾಡುತ್ತಾರೆ. ಕಚೇರಿ, ಬ್ಯಾಂಕು, ಕಾಲೇಜುಗಳವರಿಗೆ ಜನವರಿ 1. ವಿಚಿತ್ರವೆಂದರೆ, ಈ ನಾಲ್ಕರಲ್ಲಿ ನಮ್ಮ ನೆಲಕ್ಕೆ ತೀರ ಈಚೆಗೆ ಬಂದ ಕಡೆಯ ದಿನವನ್ನೇ ಜನರು ದೇಹದ ವಿಷಯವಾದ ಪ್ರತಿಜ್ಞೆಗಳಿಗೆ ಆರಿಸಿಕೊಂಡಿರುವರು. ನಾಳೆಯಿಂದ ಐದು ಗಂಟೆಗೆ ಏಳುವೆನು, ಮೂರು ತಿಂಗಳಲ್ಲಿ ಐದು ಕಿಲೋ ಇಳಿಸುವೆನು, ಮುಂದಿನ ವರುಷ ಹತ್ತು ಕಿಲೋಮೀಟರು ಓಡುವೆನು ಎಂಬ ಸಂಕಲ್ಪಗಳು ಡಿಸೆಂಬರ್ 31ರ ರಾತ್ರಿ ಮನೆಮನೆಯಲ್ಲಿಯೂ ಹುಟ್ಟುತ್ತವೆ. ಅವುಗಳಲ್ಲಿ ಎಷ್ಟೋ ಶಿವರಾತ್ರಿಯನ್ನು ಕಾಣುವುದಿಲ್ಲ. ಇದನ್ನು ನಗೆಯ ವಿಷಯವನ್ನಾಗಿ ಮಾಡುವುದೂ, ಜನರಲ್ಲಿ ಮನೋದಾರ್ಢ್ಯ ಕಡಿಮೆಯಾಯಿತೆಂದು ಮರುಗುವುದೂ ವಾಡಿಕೆಯಾಗಿದೆ. ದೋಷವು ಮನಸ್ಸಿನಲ್ಲಿಯೇ ಇದೆಯೆ, ಅಥವಾ ಸಂಕಲ್ಪವನ್ನು ಕಟ್ಟುವ ರೀತಿಯಲ್ಲಿದೆಯೆ ಎಂಬುದನ್ನು ಈ ಊರಿನ ಚರಿತ್ರೆಯಿಂದಲೇ ಕೊಂಚ ವಿಚಾರಿಸಿ ನೋಡೋಣ.

ಜನವರಿಯ ವರ್ಷಾರಂಭವು ಇಂಗ್ಲೆಂಡಿನಲ್ಲಿಯೂ ಬಹಳ ಹಳೆಯದಲ್ಲ. ಅಲ್ಲಿ 1752ರ ವರೆಗೆ ಕಾನೂನಿನ ಪ್ರಕಾರ ವರುಷವು ಮಾರ್ಚಿ 25ಕ್ಕೆ ತೊಡಗುತ್ತಿದ್ದಿತು. ಆ ಪದ್ಧತಿ ಬದಲಾಗಿ ಐವತ್ತು ವರುಷ ತುಂಬುವುದಕ್ಕೆ ಮೊದಲೇ, 1799ರಲ್ಲಿ, ಮಂಗಳೂರು ಇಂಗ್ಲಿಷರ ಕಂಪೆನಿಯ ಕೈಸೇರಿತು. ಕಚೇರಿಗಳ ಮೂಲಕ ಅವರ ಪಂಚಾಂಗವೂ ನಮ್ಮದಾಯಿತು. ಆದರೆ ಸಂಕಲ್ಪವೆಂಬುದು ಮಾತ್ರ ನಮಗೆ ಹೊಸದಲ್ಲ. ಯಾವ ಪೂಜೆಯನ್ನು ಮಾಡಬೇಕಾದರೂ ಮೊದಲು ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿಗಳನ್ನು ಹೇಳಿ, ತಾನಿರುವ ನಾಡನ್ನು ಹೇಳಿ, ತನ್ನ ಗೋತ್ರನಾಮಗಳನ್ನು ಹೇಳಿ, ಅನಂತರವೇ ಇಂಥ ಕಾರ್ಯವನ್ನು ಮಾಡುವೆನೆಂದು ನೀರು ಬಿಡುವುದು ಕ್ರಮ. ಕರಾವಳಿಯವರು ಅಲ್ಲಿ ಪರಶುರಾಮಕ್ಷೇತ್ರವನ್ನು ಹೆಸರಿಸುತ್ತಾರೆ. ಎಂದರೆ, ಕಾಲ, ಸ್ಥಳ, ವ್ಯಕ್ತಿ ಈ ಮೂರನ್ನೂ ನಿಶ್ಚಯಿಸದ ಸಂಕಲ್ಪವು ಸಂಕಲ್ಪವೇ ಅಲ್ಲವೆಂದಾಯಿತು. ಅದಲ್ಲದೆ ಅದನ್ನು ಪುರೋಹಿತನ ಎದುರಿಗೆ ಬಾಯಿಬಿಟ್ಟು ಹೇಳಬೇಕು. ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು.

ದೇಹಶಿಕ್ಷಣಕ್ಕೆ ತುಳುನಾಡಿನಲ್ಲಿ ಇದ್ದ ಸ್ಥಳವೆಂದರೆ ಗರಡಿ. 1894ರಲ್ಲಿ ಈ ಮಂಗಳೂರಿನಲ್ಲಿಯೇ ಬಾಸೆಲ್ ಮಿಷನ್ನಿನವರು ಪ್ರಕಟಿಸಿದ ಕಿಟ್ಟೆಲ್ ಪಂಡಿತರ ಕನ್ನಡ ನಿಘಂಟನ್ನು ತೆರೆದರೆ ಆ ಶಬ್ದಕ್ಕೆ ಕತ್ತಿವರಸೆಯ ಶಾಲೆ, ವ್ಯಾಯಾಮಶಾಲೆ ಎಂಬ ಅರ್ಥವೇ ಕಾಣುವುದು. ಆದರೆ ಇಂದು ಕಂಕನಾಡಿಯಲ್ಲಿ ಗರಡಿ ಎಲ್ಲಿದೆಯೆಂದು ಕೇಳಿದರೆ ದಾರಿ ತೋರಿಸುವವರು ದೇವಸ್ಥಾನಕ್ಕೆ ಕಳುಹಿಸುತ್ತಾರೆ. ಅದು ಬ್ರಹ್ಮಬೈದರ್ಕಳರ ಸನ್ನಿಧಿ. ಬೈದರ್ಕಳರೆಂದರೆ ಕೋಟಿ ಚೆನ್ನಯರು. ಸುಮಾರು 16ನೆಯ ಶತಮಾನದವರೆಂದು ವಿದ್ವಾಂಸರು ಊಹಿಸುವ ಈ ಅವಳಿ ವೀರರು ಪಡುಮಲೆಯಲ್ಲಿ ವೈದ್ಯೆಯಾದ ದೇಯಿ ಬೈದ್ಯೆತಿಯ ಮಕ್ಕಳಾಗಿ ಹುಟ್ಟಿ, ಗರಡಿಯಲ್ಲಿ ಪಳಗಿ, ಗದ್ದೆಯ ನೀರಿನ ವ್ಯಾಜ್ಯದಲ್ಲಿ ಬುದ್ಯಂತನನ್ನು ಕೊಂದು, ಕಡೆಗೆ ಎಣ್ಮೂರಿನ ಯುದ್ಧದಲ್ಲಿ ಮಡಿದರೆಂಬುದು ಪಾಡ್ದನದ ಕಥೆ. ಅವರ ಹೆಸರಿನಲ್ಲಿ 66 ಗರಡಿಗಳೆಂಬುದು ಸಂಪ್ರದಾಯದ ಎಣಿಕೆ. ಸಾಧನೆಯ ಮನೆಯು ಪೂಜೆಯ ಮನೆಯಾದುದು ಸಾಧಕರಿಗೆ ಸಂದ ದೊಡ್ಡ ಗೌರವವೇ ಸರಿ. ಆದರೂ, ದೀಪವು ಉಳಿದು ಸಾಮು ನಿಂತುಹೋದಾಗ ಊರು ಏನನ್ನೋ ಕಳೆದುಕೊಂಡಿತೆಂದು ನನಗೆ ತೋರುತ್ತದೆ.

ಅಂಥ ಶಾಲೆಗಳಲ್ಲಿ ಒಬ್ಬೊಬ್ಬನ ಗುರಿಯನ್ನು ಹೇಗೆ ನಿಶ್ಚಯಿಸುತ್ತಿದ್ದರು? ಕನ್ನಡನಾಡಿನ ಮಟ್ಟಿಗೆ ಇದಕ್ಕೆ ಬರಹದ ಆಧಾರವಿರುವುದು ಘಟ್ಟದ ಮೇಲಣ ಒಂದು ಗ್ರಂಥದಲ್ಲಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಭಾಗವೊಂದುಂಟು. ಅಲ್ಲಿ ಜಟ್ಟಿಗಳನ್ನು ವಯಸ್ಸು ಮತ್ತು ಬಲಗಳಿಗೆ ತಕ್ಕಂತೆ ವಿಂಗಡಿಸಿದೆ. ಭಾರವನ್ನೆತ್ತುವುದು, ದೂರ ನಡೆಯುವುದು, ನೀರಿನಲ್ಲಿ ಈಜುವುದು, ಕಂಬವನ್ನು ಹಿಡಿದು ಹತ್ತಿ ತಿರುಗುವುದು ಮೊದಲಾದ ಶ್ರಮಗಳನ್ನು ಬೇರೆಬೇರೆಯಾಗಿ ಹೇಳಿದೆ, ಆಹಾರವನ್ನೂ ಹೇಳಿದೆ. ಗುರಿಯನ್ನು ನಿಶ್ಚಯಿಸುವವನು ಸಾಧಕನಲ್ಲ, ಗುರು. ಮೇಲಾಗಿ ಪೋಷಿಸುವ ಅರಸು. ಇಷ್ಟು ತೂಕ, ಇಷ್ಟು ಸುತ್ತಳತೆ ನನಗೆ ಬೇಕೆಂದು ತಾನೇ ಕೇಳಿಕೊಳ್ಳುವ ಪ್ರಶ್ನೆಗೆ ಅಲ್ಲಿ ಅವಕಾಶವಿದ್ದಂತೆ ಕಾಣುವುದಿಲ್ಲ.

ಮಂಗಳೂರಿಗೇ ಹಿಂದಿರುಗುವೆವು. ಗರಡಿಯ ಜತೆಗೆ ಇಲ್ಲಿ ತಾಲೀಮು ಎಂಬ ಇನ್ನೊಂದು ಮಾತು ಬೇರುಬಿಟ್ಟಿದೆ. ಅರಬ್ಬಿಯಲ್ಲಿ ಅದಕ್ಕೆ ಶಿಕ್ಷಣವೆಂದಷ್ಟೇ ಅರ್ಥ. ನಮ್ಮಲ್ಲಿ ದೊಣ್ಣೆವರಸೆ, ಕತ್ತಿವರಸೆ, ಲಾಗ ಹಾಕುವುದು ಇವೆಲ್ಲ ಅದರೊಳಗೆ ಅಡಕವಾದುವು. ಈ ಸಾಧನೆಗೆ ಒಂದು ನಿಶ್ಚಿತವಾದ ದಿನವಿದ್ದಿತು, ಈಗಲೂ ಇದೆ: ನವರಾತ್ರಿ. ಮಂಗಳಾದೇವಿಯ ಉತ್ಸವ, ರಥಬೀದಿಯ ಶಾರದೆಯ ಮೆರವಣಿಗೆ, ನಾರಾಯಣಗುರುಗಳು 1912ರಲ್ಲಿ ಪ್ರತಿಷ್ಠೆಮಾಡಿದ ಕುದ್ರೋಳಿ ಗೋಕರ್ಣನಾಥನ ಸನ್ನಿಧಿಯ ದಸರಾ, ಇವುಗಳಲ್ಲೆಲ್ಲ ತಾಸೆಯ ಪೆಟ್ಟಿಗೆ ಕುಣಿಯುವ ಹುಲಿವೇಷದವರನ್ನು ನೋಡದ ಮಂಗಳೂರಿಗರಿಲ್ಲ. ನೋಡುವವರಿಗೆ ಅದು ಬಣ್ಣ, ವಾದ್ಯ, ಗದ್ದಲ. ಆದರೆ ಗಂಟೆಗಟ್ಟಲೆ ನಿಂತು ಮೈಗೆ ಬಣ್ಣ ಬಳಿಸಿಕೊಂಡು, ಆ ಬಣ್ಣದ ಉರಿಯನ್ನು ಸಹಿಸುತ್ತ, ಬಿಸಿಲಿನಲ್ಲಿ ಬೀದಿಬೀದಿ ಅಲೆದು, ಎರಡು ಕೈಗಳ ಮೇಲೆ ನಡೆದು, ಹಿಂದುಮುಂದಾಗಿ ಪಲ್ಟಿ ಹೊಡೆಯುವುದು ವಾರಗಳ ಅಭ್ಯಾಸವಿಲ್ಲದೆ ಸಾಧ್ಯವಾಗದು. ಅನೇಕರು ಅದನ್ನು ದೇವಿಗೆ ಹೇಳಿಕೊಂಡ ಹರಕೆಯಾಗಿ ಮಾಡುತ್ತಾರೆ. ಹರಕೆಯೆಂದರೆ ಮುರಿಯಲು ಹೆದರಿಕೆಯಾಗುವ ಸಂಕಲ್ಪ.

ಈ ಆಟದ ತುತ್ತತುದಿ ಅಕ್ಕಿಮುಡಿಯನ್ನು ಎಸೆಯುವುದು. ಬೈಹುಲ್ಲನ್ನು ಹೆಣೆದು, ಅಕ್ಕಿ ತುಂಬಿ, ಚೆಂಡಿನಂತೆ ಬಿಗಿದು ಕಟ್ಟಿದ ಮುಡಿಯನ್ನು ಘಟ್ಟದ ಮೇಲಿನವರು ನೋಡಿರಲಾರರು. ಹಳೆಯ ಅಳತೆಯಲ್ಲಿ ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಹೀಗೆ 42 ಸೇರು, ತೂಕದಲ್ಲಿ ಸುಮಾರು 40 ಕಿಲೋಗ್ರಾಂ. ಅದನ್ನು ಹುಲಿಯು ಕೈಯಿಂದ ಮುಟ್ಟದೆ ಹಲ್ಲಿನಿಂದ ಕಚ್ಚಿ ಎತ್ತಿ, ಕತ್ತನ್ನು ಝಾಡಿಸಿ, ತಲೆಯ ಮೇಲಿನಿಂದ ಬೆನ್ನ ಹಿಂದಕ್ಕೆ ಎಸೆಯಬೇಕು. ಇಲ್ಲಿ ಗಮನಿಸಬೇಕಾದುದೇನೆಂದರೆ, ಊರಿನ ಪ್ರತಿಯೊಬ್ಬ ಗೃಹಸ್ಥನಿಗೂ ಮುಡಿಯ ಭಾರ ತಿಳಿದಿದ್ದಿತು. ಅಂಗಳದಿಂದ ಉಗ್ರಾಣಕ್ಕೆ ಅದನ್ನು ಹೊತ್ತು ಬೆನ್ನು ನೋಯಿಸಿಕೊಂಡವರೇ ಸುತ್ತಲೂ ನಿಂತು ನೋಡುತ್ತಿದ್ದರು. ಆದುದರಿಂದ ಗುರಿಯು ಎಲ್ಲರಿಗೂ ಪರಿಚಿತ, ದಿನವು ಪಂಚಾಂಗದಲ್ಲಿಯೇ ಇದೆ, ಸಾಕ್ಷಿಗೆ ಇಡೀ ಬೀದಿ ಇದೆ. ಮುಡಿ ಏಳಲಿಲ್ಲವೆಂದರೆ ಮುಚ್ಚಿಡುವ ಹಾಗಿಲ್ಲ. ಮುಂದಿನ ನವರಾತ್ರಿಯ ವರೆಗೆ ಮಾತು ಕೇಳಬೇಕು.

ಇನ್ನೊಂದು ವಿಷಯ. ಈ ಊರಿನಲ್ಲಿ ವರುಷಕ್ಕೆ ಸುಮಾರು 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದರ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ. ನೆರೆಯ ಮಲಬಾರಿನ ಕಳರಿಗಳಲ್ಲಿ ಅಭ್ಯಾಸಕ್ಕೂ ಎಣ್ಣೆಯ ಉಜ್ಜುವಿಕೆಗೂ ಈ ಮಳೆಗಾಲವೇ, ಮುಖ್ಯವಾಗಿ ಕರ್ಕಾಟಕ ಮಾಸವೇ, ಪ್ರಶಸ್ತವಾದುದು. ಅದೇ ತಿಂಗಳನ್ನು ನಾವು ಆಟಿಯೆನ್ನುತ್ತೇವೆ. ಆಟಿಯ ಅಮಾವಾಸ್ಯೆಯಂದು ಬೆಳಗಿನ ಜಾವ ಹಾಲೆಮರದ ಕಷಾಯವನ್ನು ಕುಡಿಯುವುದೂ ದೇಹರಕ್ಷಣೆಗೆಂದೇ. ಮಳೆಯಲ್ಲಿ ಮಾಡಿನ ಕೆಳಗೆ ಅಭ್ಯಾಸ, ಮಳೆ ತಗ್ಗಿದ ಮೇಲೆ ನವರಾತ್ರಿಯ ಪ್ರದರ್ಶನ: ಹೀಗೆ ದೇಹದ ವರುಷವು ಆಕಾಶದ ವರುಷವನ್ನು ಅನುಸರಿಸಿ ನಡೆಯಿತು. ಜನವರಿಯಲ್ಲಿ ತೊಡಗಿದವನಾದರೋ ಮಾರ್ಚಿಯ ಬೆವರಿಗೂ ಏಪ್ರಿಲಿನ ಸೆಕೆಗೂ ಎದುರಾಗಿ ಓಡಬೇಕಾಗಿದೆ. ಲಂಡನ್ನಿನವನು ಜನವರಿಯಿಂದ ವಸಂತದ ಕಡೆಗೆ ಸಾಗುತ್ತಾನೆ; ಮಂಗಳೂರಿಗನು ಒಲೆಯ ಕಡೆಗೆ.

ಇಷ್ಟು ಹೇಳಿದೆನೆಂದು ಹಿಂದಿನದೆಲ್ಲ ಚೆನ್ನಾಗಿತ್ತೆಂದು ತಿಳಿಯಬಾರದು. ಬೀದಿಯ ಕಣ್ಣಿಗೆ ಬೀಳುವುದು ಎಳೆಯ ಗಂಡಸರ ಬಲ ಮಾತ್ರ. ಐವತ್ತು ದಾಟಿದ ಗುಮಾಸ್ತನಿಗೆ, ಮೊಣಕಾಲು ನೋವಿನ ಉಪಾಧ್ಯಾಯನಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಹೆಂಗಸರಿಗೆ ತಾಲೀಮಿನ ಮನೆಯಲ್ಲಿ ಸ್ಥಳವಿರಲಿಲ್ಲ. ಹೆಣ್ಣುಮಕ್ಕಳೂ ಹುಲಿವೇಷ ಧರಿಸಿ ಕುಣಿಯುತ್ತಿರುವುದು ಈಚಿನ ವರುಷಗಳ ಸಂಗತಿ.

ಮುಂದೆ ಶಾಲೆಗಳ ಕಾಲ ಬಂದಿತು. ದಕ್ಷಿಣ ಕನ್ನಡವು 1956ರ ವರೆಗೆ ಮದರಾಸಿಗೆ ಸೇರಿದ್ದಿತು. ಮದರಾಸಿನಲ್ಲಿ 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬವರು ವೈ. ಎಂ. ಸಿ. ಎ. ವ್ಯಾಯಾಮ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. ಸೀಟಿ ಊದುವ ಡ್ರಿಲ್ ಮೇಷ್ಟರು ಶಾಲೆಯ ಮೈದಾನದ ಗುರುವಾದರು. ಸಾಲಾಗಿ ನಿಂತು ಕೈಕಾಲು ಆಡಿಸುವುದರಲ್ಲಿ ಎಲ್ಲರಿಗೂ ಒಂದೇ ಲೆಕ್ಕ. ಅದರ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ; ಆದರೆ ಶಾಲೆ ಬಿಟ್ಟ ಮೇಲೆ ಅದನ್ನು ಮುಂದುವರಿಸಿದವರನ್ನು ಕಂಡವರು ವಿರಳ.

ತನ್ನ ದೇಹಕ್ಕೆ ತಾನೇ ಗುರಿಯಿಡುವ ಪದ್ಧತಿಯನ್ನು ತಂದುದು ಅಳತೆಯ ಪಟ್ಟಿ ಮತ್ತು ಅಂಚೆ. ಪ್ರಷ್ಯದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲಸಿದ ಯೂಜೆನ್ ಸ್ಯಾಂಡೋ ಎಂಬ ಬಲಶಾಲಿಯು 1897ರಲ್ಲಿ ಶಕ್ತಿಸಂಪಾದನೆಯ ವಿಷಯವಾಗಿ ಪುಸ್ತಕವನ್ನು ಬರೆದು, ಅಂಚೆಯ ಮೂಲಕ ಪಾಠ ಹೇಳತೊಡಗಿ, 1904-05ರಲ್ಲಿ ಹಿಂದೂಸ್ಥಾನದಲ್ಲಿ ಸಂಚಾರಮಾಡಿದನು. ನಮ್ಮವರಲ್ಲಿ ಈ ಮಾರ್ಗವನ್ನು ಹಿಡಿದು ಅದನ್ನು ನಮ್ಮದನ್ನಾಗಿ ಮಾಡಿದವರು ಬೆಂಗಳೂರಿನ ಕೆ. ವಿ. ಅಯ್ಯರವರು. ‘ಶಾಂತಲಾ’, ‘ರೂಪದರ್ಶಿ’ಗಳ ಕರ್ತೃಗಳೆಂದು ಅವರನ್ನು ಬಲ್ಲ ಓದುಗರು ಅನೇಕರು, ಅವರ ವ್ಯಾಯಾಮಶಾಲೆಯ ಕೀರ್ತಿಯೂ ಅದಕ್ಕೆ ಕಡಿಮೆಯದಲ್ಲ. ಅವರು ಕಬ್ಬಿಣದ ಗುಂಡುಗಳ ಜತೆಗೆ ಸೂರ್ಯನಮಸ್ಕಾರವನ್ನೂ ಆಸನಗಳನ್ನೂ ಸೇರಿಸಿದರು. ಸೌಷ್ಠವದ ವಿಷಯವಾಗಿ 1936ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥ ಬರೆದರು. ದೂರದ ಊರಿನವರಿಗೆ ಅಂಚೆಯ ಮೂಲಕ ಅಭ್ಯಾಸಕ್ರಮವನ್ನು ಕಳುಹಿಸಿದರು. ಇದೇ ಕಾಲದಲ್ಲಿ, 1933ರಲ್ಲಿ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೆ ಕೃಷ್ಣಮಾಚಾರ್ಯರ ಯೋಗಶಾಲೆ ನಡೆಯತೊಡಗಿತು. ಮರುವರುಷ ಅವರ ‘ಯೋಗಮಕರಂದ’ವು ಕನ್ನಡದಲ್ಲಿ ಹೊರಬಂದಿತು. ಅಂಚೆಯ ಲಕೋಟೆಯೊಳಗೆ ಗುರುವು ಬಂದನೆಂದರೆ ಅದು ಸಾಮಾನ್ಯವಾದ ಮಾತಲ್ಲ. ಗರಡಿಯ ಬಾಗಿಲು ಯಾರಿಗೆ ಮುಚ್ಚಿದ್ದಿತೋ ಅವರು ಮನೆಯ ಕೋಣೆಯಲ್ಲಿ ಚಾಪೆ ಹಾಸಿ, ನಿನ್ನೆಯ ತನ್ನೊಡನೆ ಇಂದಿನ ತನ್ನನ್ನು ಹೋಲಿಸಿಕೊಳ್ಳಬಹುದಾಯಿತು.

ಗಳಿಸಿದುದು ಇದು. ಕಳೆದುದು ಸಾಕ್ಷಿ. ಕೋಣೆಯೊಳಗಿನ ಚಾಪೆಯನ್ನು ಸುತ್ತಿಟ್ಟರೆ ಕೇಳುವವರಿಲ್ಲ. ಅಲ್ಲದೆ ಅಂಕಿಗಳ ಮೋಹವೂ ಹತ್ತಿಕೊಂಡಿತು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದಾಗ, ಜನರು ಕೂಡಲೇ ಅದನ್ನು ನೂರು ಮೀಟರಿಗೆ ಭಾಗಿಸಿ ಜಗತ್ತಿನ ದಾಖಲೆಯೊಡನೆ ತೂಗತೊಡಗಿದರು. ಕೆಸರುಗದ್ದೆಯೂ ಓಟದ ಪಥವೂ ಬೇರೆಯೆಂದು ಹೇಳಿ ಅವರು ಪರೀಕ್ಷೆಗೆ ಹೋಗಲಿಲ್ಲ. ತನ್ನ ಗುರಿ ಯಾವುದೆಂದು ಬಲ್ಲವನ ಉತ್ತರವಿದು.

ಈಗಿನ ಸಂಶೋಧಕರ ಮಾತೂ ಹಳೆಯ ಅನುಭವಕ್ಕೆ ದೂರವಾಗಿಲ್ಲ. 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ವಾರ, ತಿಂಗಳು, ವರುಷ ಇವುಗಳ ಮೊದಲಿಗೆ ಜನರು ವ್ಯಾಯಾಮಕ್ಕೆ ಹೆಚ್ಚಾಗಿ ಹೋಗುವರಂತೆ. ಹೊಸ ದಿನಕ್ಕೆ ಅಂಥ ಬಲವಿರುವುದು ನಿಜ. ಆದರೆ ಆರಂಭದ ಬಲ ಅಭ್ಯಾಸವಾಗಬೇಕಾದರೆ ಎಷ್ಟು ದಿನ ಬೇಕು? ಲಂಡನ್ನಿನಲ್ಲಿ 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಸರಾಸರಿ 66 ದಿವಸಗಳು. ಕೆಲವರಿಗೆ 18, ಕೆಲವರಿಗೆ 254. ಮಧ್ಯೆ ಒಂದು ದಿನ ತಪ್ಪಿದರೆ ಹಾನಿಯಿಲ್ಲವೆಂಬುದನ್ನೂ ಅವರು ಕಂಡರು. 66 ಎಂಬ ಸಂಖ್ಯೆ ಗರಡಿಗಳ ಎಣಿಕೆಗೆ ಸರಿಹೊಂದಿದುದು ಕೇವಲ ಕಾಕತಾಳೀಯ. ನೆನಪಿಡಲು ಅನುಕೂಲವಾಯಿತೆಂದಷ್ಟೇ ಹೇಳಿದೆನು. 2024ರಲ್ಲಿ ಪ್ರಕಟವಾದ ಇನ್ನೊಂದು ಗಣನೆಯ ಪ್ರಕಾರ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನರಿಗೆ ಸಾಲುವಷ್ಟು ಶ್ರಮವಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಈ ಕೊರತೆ ಹೆಚ್ಚು. ಹಿಂದೆ ಯಾರಿಗೆ ತಾಲೀಮಿನ ಮನೆಯ ಬಾಗಿಲು ತೆರೆಯಲಿಲ್ಲವೋ ಅವರ ಪಾಲಿಗೆ ಅದು ಈಗಲೂ ಪೂರ್ತಿಯಾಗಿ ತೆರೆದಿಲ್ಲ.

ಮಂಗಳೂರಿಗರಿಗೆ ಈ ವಿಷಯದಲ್ಲಿ ಒಂದು ಸೌಕರ್ಯವುಂಟು. ಜನವರಿ 1ರಿಂದ 66 ದಿವಸ ಎಣಿಸಿದರೆ ಮಾರ್ಚಿಯ ಮೊದಲನೆಯ ವಾರ ಬರುತ್ತದೆ. ಅಷ್ಟರೊಳಗೆ ಸಂಕಲ್ಪವು ಮುರಿದಿದ್ದರೆ ಕೆಲವೇ ವಾರಗಳಲ್ಲಿ ಯುಗಾದಿ. ಅದೂ ತಪ್ಪಿದರೆ ಏಪ್ರಿಲಿನ ನಡುವೆ ಬಿಸು. ಸುಮಾರು 104 ದಿವಸಗಳೊಳಗೆ ಮೂರು ವರ್ಷಾರಂಭಗಳು! ಬಿಸುವಿನ ದಿನ ಕಣಿಯನ್ನು ನೋಡಿ ಹಿರಿಯರಿಗೆ ನಮಸ್ಕರಿಸುವಾಗ, ಈ ನವರಾತ್ರಿಯ ಹೊತ್ತಿಗೆ ನಾನು ಇಂಥದನ್ನು ಮಾಡಬಲ್ಲವನಾಗುವೆನೆಂದು ಅವರ ಎದುರಿಗೆ ಹೇಳಿದರೆ ಸಾಕ್ಷಿಯೂ ಸಿಕ್ಕಿತು, ದಿನವೂ ಸಿಕ್ಕಿತು. ಅದು ಮುಡಿಯೇ ಆಗಬೇಕಾಗಿಲ್ಲ. ಕದ್ರಿಯ ಗುಡ್ಡವನ್ನು ನಿಲ್ಲದೆ ಹತ್ತುವುದಾದರೂ ಆಗಬಹುದು. ಆದರೆ ಬಿಸುವಿಗೆ ತೊಡಗಿದವರಿಗೆ ಬಯಲಿನಲ್ಲಿ ದೊರೆಯುವುದು ಆರೇಳು ವಾರಗಳು ಮಾತ್ರ. ಜೂನ್ ಮೊದಲಿನಲ್ಲಿ ಮಳೆ ಹಿಡಿದ ಮೇಲೆ ಮೈದಾನವೂ ಕಡಲತೀರವೂ ಇಲ್ಲ. ಅಷ್ಟರೊಳಗೆ ಮಾಡಿನ ಕೆಳಗೆ, ಜಗಲಿಯಲ್ಲಿಯೋ ಚಾವಡಿಯಲ್ಲಿಯೋ, ಆರು ಅಡಿ ಉದ್ದ ಮೂರು ಅಡಿ ಅಗಲದ ಒಣಗಿದ ನೆಲವೊಂದನ್ನು ನೋಡಿಟ್ಟುಕೊಳ್ಳಬೇಕು.