ಸಂಧಿವಾತಕ್ಕೆ ನೀಡುವ ಜೈವಿಕ ಔಷಧಗಳು ಮತ್ತು ಸೋಂಕಿನ ಅಪಾಯ: ರೋಣ, ನರಗುಂದ ಹಾಗೂ ಗಜೇಂದ್ರಗಡ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ರುಮಟಾಯ್ಡ್ ಸಂಧಿವಾತ, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಮುಂತಾದ ಉರಿಯೂತದ ಕೀಲುರೋಗಗಳು ಮೆಥೊಟ್ರೆಕ್ಸೇಟ್‌ನಂತಹ ಮಾತ್ರೆಗಳಿಂದ ಹತೋಟಿಗೆ ಬಾರದಿದ್ದಾಗ ತಜ್ಞ ವೈದ್ಯರು ಜೈವಿಕ ಔಷಧಗಳನ್ನು ಸೂಚಿಸುತ್ತಾರೆ. ಇನ್‌ಫ್ಲಿಕ್ಸಿಮಾಬ್, ಅಡಾಲಿಮುಮಾಬ್, ಎಟನರ್‌ಸೆಪ್ಟ್, ರಿಟುಕ್ಸಿಮಾಬ್, ಟೊಸಿಲಿಜುಮಾಬ್ ಇವುಗಳಲ್ಲಿ ಮುಖ್ಯವಾದವು. ಇವು ಕೀಲುಗಳು ಸೊಟ್ಟಗಾಗುವುದನ್ನು ತಡೆಯಬಲ್ಲ ಉಪಯುಕ್ತ ಔಷಧಗಳು. ಆದರೆ ಶರೀರದ ರೋಗನಿರೋಧಕ ಶಕ್ತಿಯ ಒಂದು ಭಾಗವನ್ನು ತಗ್ಗಿಸಿಯೇ ಇವು ಕೆಲಸ ಮಾಡುವುದರಿಂದ, ಸೋಂಕುಗಳ ವಿಷಯದಲ್ಲಿ ಎಚ್ಚರಿಕೆ ವಹಿಸುವುದು ಅವಶ್ಯಕ. 2014ರ ಡಿಸೆಂಬರ್‌ನಲ್ಲಿ ಅಡಾಲಿಮುಮಾಬ್‌ನ ಸಮಾನ ಔಷಧವನ್ನು ಝೈಡಸ್ ಕ್ಯಾಡಿಲಾ ಸಂಸ್ಥೆಯು ಭಾರತದಲ್ಲಿ ಬಿಡುಗಡೆ ಮಾಡಿತು. ಇಂತಹ ಸಮಾನ ಔಷಧಗಳ ಬೆಲೆ ಕಡಿಮೆಯಾದರೂ ಸೋಂಕಿನ ಅಪಾಯ ಮೂಲ ಔಷಧದಷ್ಟೇ ಇರುತ್ತದೆ.

ಕ್ಷಯರೋಗವೇ ಮುಖ್ಯ ಆತಂಕ

ನಮ್ಮ ದೇಶದಲ್ಲಿ ಅನೇಕರ ಶರೀರದಲ್ಲಿ ಕ್ಷಯದ ರೋಗಾಣುಗಳು ಯಾವ ತೊಂದರೆಯನ್ನೂ ಕೊಡದೆ ಸುಪ್ತವಾಗಿರುತ್ತವೆ. ರಕ್ಷಣಾ ಕೋಶಗಳು ಅವುಗಳ ಸುತ್ತ ಗೋಡೆಯಂತೆ ನಿಂತು ಅವನ್ನು ಬಂಧಿಸಿಟ್ಟಿರುತ್ತವೆ. ಈ ಗೋಡೆಯನ್ನು ಭದ್ರವಾಗಿಡುವುದರಲ್ಲಿ ಟಿಎನ್‌ಎಫ್ ಎಂಬ ವಸ್ತುವಿನ ಪಾತ್ರ ದೊಡ್ಡದು. ಕೀಲುಗಳಲ್ಲಿ ಉರಿಯೂತವನ್ನು ಉಂಟುಮಾಡುವುದೂ ಇದೇ ವಸ್ತು. ಇನ್‌ಫ್ಲಿಕ್ಸಿಮಾಬ್, ಅಡಾಲಿಮುಮಾಬ್ ಮತ್ತು ಎಟನರ್‌ಸೆಪ್ಟ್ ಔಷಧಗಳು ಟಿಎನ್‌ಎಫ್ ಅನ್ನು ತಡೆಯುವುದರಿಂದ ಕೀಲುನೋವು ಶಮನವಾಗುತ್ತದೆ. ಜೊತೆಗೆ ಗೋಡೆಯೂ ಸಡಿಲವಾಗುತ್ತದೆ. ಮೊದಲೆರಡು ಔಷಧಗಳಲ್ಲಿ ಈ ಅಪಾಯ ಎಟನರ್‌ಸೆಪ್ಟ್‌ಗಿಂತ ಹೆಚ್ಚು.

2001ರಲ್ಲಿ ಅಮೆರಿಕದ ವೈದ್ಯರು ಇನ್‌ಫ್ಲಿಕ್ಸಿಮಾಬ್ ಪಡೆದ ನಂತರ ಕ್ಷಯರೋಗ ತಗುಲಿದ 70 ರೋಗಿಗಳ ವಿವರವನ್ನು ಪ್ರಕಟಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರೋಗವು ಶ್ವಾಸಕೋಶದ ಹೊರಗೆ ಕಾಣಿಸಿಕೊಂಡಿತ್ತು. ಅಂದರೆ ಕೆಮ್ಮು, ಕಫ ಇಲ್ಲದೆಯೂ ಇಂತಹವರಿಗೆ ಕ್ಷಯ ಇರಬಹುದು. ಸಂಜೆಯ ಜ್ವರ, ರಾತ್ರಿ ಬೆವರುವಿಕೆ, ತೂಕ ಇಳಿಕೆ, ಕುತ್ತಿಗೆಯ ಗಂಟು, ಹೊಟ್ಟೆ ಉಬ್ಬರ, ಬಿಡದ ಬೆನ್ನುನೋವು ಇವುಗಳನ್ನು ನಿರ್ಲಕ್ಷಿಸತಕ್ಕದ್ದಲ್ಲ. ಬೆನ್ನುನೋವನ್ನು ಹಳೆಯ ವಾತವೆಂದೇ ತಿಳಿದು ಸುಮ್ಮನಿರುವ ಸಂಭವ ಹೆಚ್ಚಾಗಿರುವುದರಿಂದ ಇದನ್ನು ಪ್ರತ್ಯೇಕವಾಗಿ ಹೇಳಲಾಗಿದೆ.

ಮೊದಲ ಚುಚ್ಚುಮದ್ದಿಗೆ ಮುನ್ನ

ಎದೆಯ ಎಕ್ಸ್-ರೇ ಹಾಗೂ ಸುಪ್ತ ಕ್ಷಯದ ಪರೀಕ್ಷೆಯನ್ನು ಮಾಡಿಸಿಕೊಳ್ಳತಕ್ಕದ್ದು. ಸುಪ್ತ ಕ್ಷಯವನ್ನು ಚರ್ಮದ ಪರೀಕ್ಷೆಯಿಂದ ಅಥವಾ ಇಗ್ರಾ ಎಂಬ ರಕ್ತಪರೀಕ್ಷೆಯಿಂದ ಪತ್ತೆ ಮಾಡಲಾಗುತ್ತದೆ. ಮಾಂಟೂ ಎಂಬ ಚರ್ಮದ ಪರೀಕ್ಷೆಯಾದರೆ 48ರಿಂದ 72 ಗಂಟೆಗಳೊಳಗೆ ಪುನಃ ಬಂದು ತೋರಿಸಬೇಕು. ದೂರದ ಹಳ್ಳಿಗಳಿಂದ ಬರುವವರು ಇದಕ್ಕೆ ಅನುಕೂಲವಾದ ದಿನವನ್ನು ಆರಿಸಿಕೊಳ್ಳುವುದು ಒಳಿತು. ಸ್ಟೀರಾಯ್ಡ್ ಸೇವಿಸುತ್ತಿರುವವರಲ್ಲಿ ಸೋಂಕು ಇದ್ದರೂ ಪರೀಕ್ಷೆಯು ಇಲ್ಲವೆಂದು ತೋರಿಸಬಹುದು. ಆದ್ದರಿಂದ ಹಿಂದೆ ಪಡೆದ ಎಲ್ಲ ಔಷಧಗಳನ್ನೂ ವೈದ್ಯರಿಗೆ ತಿಳಿಸಬೇಕು. ಹೆಸರಿಲ್ಲದ ಪೊಟ್ಟಣಗಳಲ್ಲಿ ಮಾರುವ ವಾತದ ಪುಡಿಗಳಲ್ಲಿಯೂ ಸ್ಟೀರಾಯ್ಡ್ ಬೆರೆತಿರಬಹುದು. ಮನೆಯಲ್ಲಿ ಅಥವಾ ಕೆಲಸದ ಸ್ಥಳದಲ್ಲಿ ಕ್ಷಯರೋಗಿ ಇದ್ದಲ್ಲಿ ಅದನ್ನು ಮುಚ್ಚಿಡಬಾರದು.

ಸುಪ್ತ ಕ್ಷಯ ಕಂಡುಬಂದರೆ ಜೈವಿಕ ಔಷಧದ ಬಾಗಿಲು ಮುಚ್ಚಿತೆಂದು ಭಾವಿಸಬೇಕಾಗಿಲ್ಲ. ಆರು ತಿಂಗಳು ಪ್ರತಿದಿನ ಐಸೋನಿಯಾಜಿಡ್, ಅಥವಾ ವಾರಕ್ಕೊಮ್ಮೆ ಒಟ್ಟು 12 ಬಾರಿ ಐಸೋನಿಯಾಜಿಡ್ ಮತ್ತು ರಿಫಪೆಂಟಿನ್ ನೀಡಲಾಗುತ್ತದೆ. ಸಾಮಾನ್ಯವಾಗಿ ಇದನ್ನು ಪ್ರಾರಂಭಿಸಿ ಒಂದು ತಿಂಗಳಾದ ಮೇಲೆ ಜೈವಿಕ ಔಷಧವನ್ನು ಆರಂಭಿಸಬಹುದು. ಮೆಥೊಟ್ರೆಕ್ಸೇಟ್ ಸೇವಿಸುವವರಲ್ಲಿ ಯಕೃತ್ತಿನ ಮೇಲೆ ಎರಡು ಔಷಧಗಳ ಭಾರ ಬೀಳುವುದರಿಂದ ಆಗಾಗ್ಗೆ ರಕ್ತಪರೀಕ್ಷೆ ಅಗತ್ಯ; ಮದ್ಯಪಾನ ಸರ್ವಥಾ ಕೂಡದು. ಸಕ್ರಿಯ ಕ್ಷಯವಿದ್ದಲ್ಲಿ ಮಾತ್ರ ಮೊದಲು ಅದರ ಚಿಕಿತ್ಸೆ ಆಗಬೇಕು. ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಅದು ಜೀವನಪರ್ಯಂತದ ಭರವಸೆಯಲ್ಲ, ಹೊಸದಾಗಿ ಸೋಂಕು ತಗುಲುವ ಸಾಧ್ಯತೆ ಇದ್ದೇ ಇರುತ್ತದೆ.

ಹೆಪಟೈಟಿಸ್-ಬಿ ಪರೀಕ್ಷೆಯೂ ಅಷ್ಟೇ ಮುಖ್ಯ. ವಿಶೇಷವಾಗಿ ರಿಟುಕ್ಸಿಮಾಬ್ ಪಡೆಯುವವರಲ್ಲಿ ಹಳೆಯ ಸೋಂಕು ಮರುಕಳಿಸಿ ಯಕೃತ್ತು ವಿಫಲವಾಗಬಹುದು. ಫ್ಲೂ ಮತ್ತು ನ್ಯುಮೋಕಾಕಲ್ ಲಸಿಕೆಗಳನ್ನು ಸಾಧ್ಯವಾದಷ್ಟು ಮೊದಲೇ ಪಡೆಯುವುದು ಸೂಕ್ತ. ಚಿಕಿತ್ಸೆ ನಡೆಯುತ್ತಿರುವಾಗ ಸಜೀವ ಲಸಿಕೆಗಳನ್ನು ಪಡೆಯಬಾರದು. ಗರ್ಭಾವಸ್ಥೆಯಲ್ಲಿ ಇಂತಹ ಚುಚ್ಚುಮದ್ದು ಪಡೆದ ತಾಯಂದಿರು ಹೆರಿಗೆಯ ಸಮಯದಲ್ಲಿಯೇ ಅದನ್ನು ತಿಳಿಸಬೇಕು. ಔಷಧವು ಮಗುವಿನ ಶರೀರವನ್ನೂ ಸೇರುವುದರಿಂದ, ಹುಟ್ಟಿದ ಕೂಡಲೇ ಹಾಕುವ ಬಿಸಿಜಿ ಲಸಿಕೆಯನ್ನು ಮುಂದೂಡಬೇಕಾಗಬಹುದು.

ಚಿಕಿತ್ಸೆ ನಡೆಯುತ್ತಿರುವಾಗ

ಚುಚ್ಚುಮದ್ದು ಹುಬ್ಬಳ್ಳಿಯಲ್ಲಿ, ಜ್ವರ ಬರುವುದು ಊರಿನಲ್ಲಿ. ಊರಿನ ವೈದ್ಯರಿಗೆ ಔಷಧದ ವಿಷಯ ತಿಳಿಯದಿದ್ದರೆ ಅದನ್ನು ಸಾಧಾರಣ ಜ್ವರವೆಂದು ಭಾವಿಸಲು ಅವಕಾಶವಿದೆ. ಹೀಗಾಗಿ ಔಷಧದ ಹೆಸರು, ಪ್ರಮಾಣ ಮತ್ತು ಕೊನೆಯ ಚುಚ್ಚುಮದ್ದಿನ ದಿನಾಂಕವನ್ನು ಬರೆದ ಚೀಟಿಯನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕೆಂದು ಕೋರಲಾಗಿದೆ. ಟೊಸಿಲಿಜುಮಾಬ್ ಪಡೆಯುವವರಲ್ಲಿ ತೀವ್ರ ಸೋಂಕಿದ್ದರೂ ಜ್ವರ ಕಾಣದಿರಬಹುದು. ಸುಸ್ತು, ಉಸಿರಾಟದ ತೊಂದರೆಯನ್ನೇ ಸೂಚನೆಯೆಂದು ತಿಳಿಯಬೇಕು. ಟೊಫಾಸಿಟಿನಿಬ್ ಮಾತ್ರೆಯು ಜೈವಿಕ ಔಷಧವಲ್ಲವಾದರೂ ಅದಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಅದರಿಂದ ಸರ್ಪಸುತ್ತು ಬರುವ ಸಂಭವ ಹೆಚ್ಚು.

ಜ್ವರ, ಕೀವು ತುಂಬಿದ ಗಾಯ ಅಥವಾ ಬಿಡದ ಕೆಮ್ಮು ಇದ್ದಲ್ಲಿ ಮುಂದಿನ ಚುಚ್ಚುಮದ್ದನ್ನು ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು. ಆದರೆ ಭಯಪಟ್ಟು ಚಿಕಿತ್ಸೆಯನ್ನೇ ತೊರೆಯುವುದು ಸಹ ತಪ್ಪು. ಹತೋಟಿಯಲ್ಲಿಲ್ಲದ ಸಂಧಿವಾತ ಮತ್ತು ನೋವು ತಾಳಲಾರದೆ ನುಂಗುವ ಸ್ಟೀರಾಯ್ಡ್ ಎರಡೂ ಸೋಂಕಿಗೆ ದಾರಿ ಮಾಡಿಕೊಡುತ್ತವೆ. ಕುರಿ, ಆಡು, ದನ ಸಾಕುವವರು ಹಸಿ ಹಾಲನ್ನು ಕುಡಿಯದೆ ಕಾಯಿಸಿಯೇ ಕುಡಿಯಬೇಕು. ಈಯುವ ಪ್ರಾಣಿಗಳನ್ನು ಬರಿಗೈಯಿಂದ ಮುಟ್ಟಬಾರದು. ಬ್ರುಸೆಲ್ಲಾ ರೋಗವು ಹೀಗೆ ಹರಡುತ್ತದೆ, ಅದೂ ಕೀಲುನೋವಿನ ರೂಪದಲ್ಲಿಯೇ ಕಾಣಿಸಿಕೊಳ್ಳುವುದುಂಟು.

ಸೌಲಭ್ಯ ಪಡೆಯುವ ಬಗ್ಗೆ

ಟಿಎನ್‌ಎಫ್ ತಡೆಯುವ ಔಷಧ ಪಡೆಯುವವರನ್ನು ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದ 2021ರ ಮಾರ್ಗಸೂಚಿಯು ಕ್ಷಯ ತಡೆ ಚಿಕಿತ್ಸೆಗೆ ಪರಿಗಣಿಸಬೇಕಾದ ಗುಂಪಿನಲ್ಲಿ ಸೇರಿಸಿದೆ. ಈ ಚಿಕಿತ್ಸೆಯು ಉಚಿತ. ಖಾಸಗಿ ವೈದ್ಯರಲ್ಲಿ ಕೀಲುರೋಗದ ಚಿಕಿತ್ಸೆ ಪಡೆಯುತ್ತಿರುವವರೂ ತಜ್ಞರ ಪತ್ರ, ಆಧಾರ್ ಕಾರ್ಡ್ ಮತ್ತು ಹಿಂದಿನ ವರದಿಗಳೊಡನೆ ರೋಣ, ನರಗುಂದ ಅಥವಾ ಗಜೇಂದ್ರಗಡದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಹೆಚ್ಚಿನ ಪರೀಕ್ಷೆ ಬೇಕಾದಲ್ಲಿ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಶಿಫಾರಸು ಪತ್ರವನ್ನು ಕೇಳಿ ಪಡೆಯತಕ್ಕದ್ದು. ಕ್ಷಯರೋಗ ದೃಢಪಟ್ಟು ನೋಂದಣಿಯಾದವರಿಗೆ ನಿಕ್ಷಯ್ ಪೋಷಣ್ ಯೋಜನೆಯಡಿ ಚಿಕಿತ್ಸಾ ಅವಧಿಯಲ್ಲಿ ಬ್ಯಾಂಕ್ ಖಾತೆಗೆ ಹಣ ಜಮಾ ಆಗುತ್ತದೆ. ಈ ಮೊತ್ತವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 500 ರೂಪಾಯಿಗಳಿಂದ 1,000 ರೂಪಾಯಿಗಳಿಗೆ ಏರಿಸಲಾಗಿದೆ. ಜೈವಿಕ ಔಷಧದ ವೆಚ್ಚಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವು ದೊರೆಯುವುದೇ ಎಂಬುದನ್ನು ಚಿಕಿತ್ಸೆ ಆರಂಭಿಸುವ ಮೊದಲೇ ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಕ್ಷಯರೋಗ ಕುರಿತ ಮಾಹಿತಿಗೆ ಶುಲ್ಕರಹಿತ ದೂರವಾಣಿ ಸಂಖ್ಯೆ: 1800-11-6666.