ಬಾಬಾಸಾಹೇಬರು ಬರೆಯದ ಪರೀಕ್ಷೆ



ನಮ್ಮ ಲಿಂಗರಾಜಪುರದ ಪೌರಕಾರ್ಮಿಕರೊಬ್ಬರ ಮಗಳು ಎಂಎಸ್‌ಡಬ್ಲ್ಯೂ ಮುಗಿಸಿದ್ದಾಳೆ. ಇಂಗ್ಲೆಂಡಿನಲ್ಲಿ ಮುಂದೆ ಓದೋ ಆಸೆ. ಹೋದ ವಾರ ಮನೆಗೆ ಬಂದು, "ಅಣ್ಣಾ, ಐಇಎಲ್‌ಟಿಎಸ್ ಫೀಸಿಗೆ ಯಾರಾದ್ರೂ ಸಹಾಯ ಮಾಡ್ತಾರಾ?" ಅಂದಳು. ಫೀಸು ಎಷ್ಟು ಗೊತ್ತಾ? 17-18 ಸಾವಿರ. ಅವಳಮ್ಮನ ಕೈಗೆ ಬರೋ ತಿಂಗಳ ಸಂಬಳ ಹೆಚ್ಚೂ ಕಮ್ಮಿ ಅಷ್ಟೇ. ಬಂದ ಅಂಕ ಎರಡು ವರ್ಷ ಮಾತ್ರ ಚಾಲ್ತಿ, ಆಮೇಲೆ ಮತ್ತೆ ಕಟ್ಟಬೇಕು.

ಅವಳು ಹೋದ ಮೇಲೆ ನನಗೆ 1913 ನೆನಪಾಯ್ತು. ಆ ವರ್ಷ ಬಾಬಾಸಾಹೇಬರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಬರೋಡದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ, ತಿಂಗಳಿಗೆ 11.5 ಪೌಂಡ್, ಮೂರು ವರ್ಷ. ಶಾಲೆಯಲ್ಲಿ ಅಸ್ಪೃಶ್ಯ ಅಂತ ಸಂಸ್ಕೃತ ಕಲಿಸಲಿಲ್ಲ, ಪರ್ಷಿಯನ್ ತಗೊಂಡಿದ್ದರು. ಆದರೆ ಅಮೆರಿಕದಲ್ಲಿ ಟೋಫೆಲ್ ಬರೀಬೇಕಾಗಿರಲಿಲ್ಲ. ಅದು ಶುರುವಾಗಿದ್ದೇ 1964ರಲ್ಲಿ. ಐಇಎಲ್‌ಟಿಎಸ್ ಬಂದದ್ದು 1989ರಲ್ಲಿ.

ನಮಗೂ ಇಂಗ್ಲಿಷಿಗೂ ಇರೋ ನಂಟು ಮಾತ್ರ ಇವಕ್ಕಿಂತ ತುಂಬಾ ಹಳೇದು. 1809ರಲ್ಲಿ ಬೆಂಗಳೂರಿಗೆ ಬ್ರಿಟಿಷರ ದಂಡು ಬಂತು. ದಂಡಿನ ಬೆನ್ನಿಗೆ ತಮಿಳು ಸೀಮೆಯಿಂದ ನಮ್ಮವರೂ ಬಂದರು. ಅಡುಗೆಯವರು, ಆಯಾಗಳು, ಕುದುರೆ ನೋಡಿಕೊಳ್ಳೋರು. ಪುಸ್ತಕ ಮುಟ್ಟದೆ, ಬರೀ ಕಿವಿಯಲ್ಲಿ ಕೇಳಿ ಇಂಗ್ಲಿಷ್ ಕಲಿತರು. ದೊರೆಗಳು ಅದಕ್ಕೆ 'ಬಟ್ಲರ್ ಇಂಗ್ಲಿಷ್' ಅಂತ ಹೆಸರಿಟ್ಟು ನಕ್ಕರು. ಆ ಇಂಗ್ಲಿಷಿನಲ್ಲೇ ಅವರ ಮಕ್ಕಳು ಬೆಳೆದರು, ಅವರ ಹೊಟ್ಟೆ ತುಂಬಿತು, ಅದು ಬೇರೆ ಮಾತು. ನಮ್ಮ ಬೀದಿಗಳಲ್ಲಿ ಈಗಲೂ ಮನೆಯೊಳಗೆ ತಮಿಳು, ಅಂಗಡೀಲಿ ಕನ್ನಡ, ಪಕ್ಕದ ಓಣೀಲಿ ಉರ್ದು. ಇಷ್ಟು ಭಾಷೆ ದಾಟಿ ಬರೋ ಹುಡುಗಿಗೆ 'ಭಾಷಾ ಸಾಮರ್ಥ್ಯ' ಇದೆಯಾ ಅಂತ ಪರೀಕ್ಷೆ!

ಇಂಗ್ಲಿಷ್ ಬೇಡ ಅಂತಿಲ್ಲ ನಾನು. 1973ರಲ್ಲಿ ಮೈಸೂರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ, ಅದರ ಹಿಂದೆ ಇದ್ದದ್ದು ನಮ್ಮ ಮಕ್ಕಳಿಗೂ ಇಂಗ್ಲಿಷ್ ಸಿಗಲಿ ಅನ್ನೋ ಕಾಳಜಿ. ಮಂತ್ರಿಗಿರಿ ಹೋಯ್ತು, ದಲಿತ ಹುಡುಗರು ಏಟು ತಿಂದರು. ಆ ಕಿಚ್ಚಲ್ಲೇ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಅಷ್ಟು ಬೆಲೆ ತೆತ್ತು ಕೇಳಿದ ಭಾಷೆ ಇದು. ನನ್ನ ಜಗಳ ಇರೋದು ಬಾಗಿಲಲ್ಲಿ ಕೂತು ಸುಂಕ ವಸೂಲಿ ಮಾಡೋರ ಜತೆ.

ಅದು ಎಷ್ಟು ದೊಡ್ಡ ವ್ಯಾಪಾರ ಅಂದರೆ, 2021ರಲ್ಲಿ ಬ್ರಿಟಿಷ್ ಕೌನ್ಸಿಲ್ಲಿನ ಭಾರತದ ಐಇಎಲ್‌ಟಿಎಸ್ ವ್ಯವಹಾರವನ್ನ ಆಸ್ಟ್ರೇಲಿಯಾದ ಐಡಿಪಿ ಕಂಪನಿ 13 ಕೋಟಿ ಪೌಂಡ್ ಕೊಟ್ಟು ಕೊಂಡುಕೊಳ್ತು. ಇನ್ನು ಬ್ರಿಟನ್ ವೀಸಾ ನಿಯಮ ನೋಡಿ. ಅಮೆರಿಕ, ಐರ್ಲೆಂಡ್, ಜಮೈಕಾ, ಮಾಲ್ಟಾ ದೇಶದ ಪ್ರಜೆಗಳು ಇಂಗ್ಲಿಷ್ ಬರುತ್ತೆ ಅಂತ ರುಜುವಾತು ಮಾಡಬೇಕಿಲ್ಲ. ಭಾರತ ಆ ಪಟ್ಟೀಲಿಲ್ಲ, ನೈಜೀರಿಯಾನೂ ಇಲ್ಲ. ನಮ್ಮ ಏರಿಯಾದಲ್ಲಿ, ಕಮ್ಮನಹಳ್ಳಿ, ಹೆಣ್ಣೂರು ಕಡೆ ರೂಮು ಮಾಡ್ಕೊಂಡಿರೋ ಆಫ್ರಿಕಾದ ಹುಡುಗರಿಗೆ ಈ ನೋವು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮೊಳಗೇ ಇನ್ನೊಂದು ಜರಡಿ ಇದೆ. ಹಲವು ಬ್ರಿಟಿಷ್ ವಿಶ್ವವಿದ್ಯಾಲಯಗಳು 12ನೇ ತರಗತಿಯ ಇಂಗ್ಲಿಷ್ ಅಂಕ ನೋಡಿ ಪರೀಕ್ಷೆಯಿಂದ ವಿನಾಯಿತಿ ಕೊಡ್ತವೆ. ಆದರೆ ಎಷ್ಟೋ ಕಡೆ ಸಿಬಿಎಸ್‌ಇ, ಐಎಸ್‌ಸಿ ಓದಿದವರಿಗೆ ಒಂದು ಗೆರೆ, ರಾಜ್ಯ ಬೋರ್ಡಿನವರಿಗೆ ಅದಕ್ಕಿಂತ ಮೇಲಿನ ಗೆರೆ. ಯಾರ ಮಕ್ಕಳು ಯಾವ ಬೋರ್ಡಲ್ಲಿ ಓದ್ತಾರೆ ಅಂತ ನಾನು ಹೇಳಬೇಕಾ? ಲಕ್ಷಗಟ್ಟಲೆ ಫೀಸು ಕಟ್ಟಿ ಓದಿದವರಿಗೆ 18 ಸಾವಿರ ಮಾಫಿ.

ಸ್ಕಾಲರ್‌ಶಿಪ್ ಇದೆಯಲ್ಲ ಅಂತೀರಿ. ಇದೆ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ, ನಮ್ಮ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಇದೆ. ಆದರೆ ಕ್ರಮ ನೋಡಿ: ಕೇಂದ್ರದ ಹಣ ಬೇಕಂದ್ರೆ ಷರತ್ತಿಲ್ಲದ ಪ್ರವೇಶ ಪತ್ರ ಬೇಕು, ಆ ಪತ್ರಕ್ಕೆ ಬ್ಯಾಂಡ್ ಬೇಕು, ಬ್ಯಾಂಡಿಗೆ ಮೊದಲು ಫೀಸು. ಸರ್ಕಾರದ ನೆರವು ಶುರುವಾಗೋ ಹೊತ್ತಿಗೆ ನಮ್ಮ ಹುಡುಗಿ ಮೊದಲ ಮೆಟ್ಟಿಲಲ್ಲೇ ನಿಂತಿರ್ತಾಳೆ.

ಹಾಗಾಗಿ ಬೇಡಿಕೆ ಇಷ್ಟೇ. ಪರೀಕ್ಷೆ ಫೀಸನ್ನ ಇಲಾಖೆ ಮುಂಗಡವಾಗಿ ಕೊಡಲಿ, ಹಾಸ್ಟೆಲ್‌ಗಳಲ್ಲಿ ಉಚಿತ ತರಬೇತಿ ಇಡಲಿ. ಮನವಿ ಪತ್ರ ರೆಡಿ ಮಾಡ್ತಿದ್ದೀವಿ, ಸಹಿ ಹಾಕೋರು ಇನ್‌ಬಾಕ್ಸಿಗೆ ಬನ್ನಿ. ಆ ಹುಡುಗಿಯ ಫೀಸನ್ನ ನಾವು ಐದು ಜನ ಸೇರಿ ಕಟ್ಟಿಬಿಟ್ಟಿದ್ದೀವಿ. ಮುಂದಿನ ತಿಂಗಳು ಪರೀಕ್ಷೆ.